ಬಿಳಿ ಹಾಳೆಯ ಮೇಲಿನ ಅರ್ಜಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಅರ್ಜಿ ಸಹಾಯ ಮೇಜಿನ ಪರವಾಗಿ ಮಾಡಿದ ಭಾಷಣದ ಬರಹರೂಪ)



ಈ ಸಭೆಯಲ್ಲಿ ಮಾತಾಡುವವರು ಸಾಮಾನ್ಯವಾಗಿ ಓದಿನ ಮಹತ್ವದ ಬಗ್ಗೆ ಹೇಳುತ್ತಾರೆ. ಅದನ್ನು ನಾವು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇವೆ. ಇಂದು ಓದಿನ ಬಗ್ಗೆ ಅಲ್ಲ, ತಳ್ಳುಗಾಡಿಯ ಬಗ್ಗೆ ಮಾತಾಡಬೇಕೆಂದು ಬಂದಿದ್ದೇವೆ. ಇದೇನು, ಮೇಷ್ಟರು ದಾರಿ ತಪ್ಪಿದರು ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ಕೇಳಿ.

ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ತಂದೆ ಅಥವಾ ತಾಯಿಯ ಉದ್ಯೋಗ’ ಎಂಬ ಕಾಲಂ ಇದೆ. ಬಹಳ ಅರ್ಜಿಗಳಲ್ಲಿ ಅಲ್ಲಿ ಇರುವುದು ಒಂದೇ ಪದ: ವ್ಯಾಪಾರ. ಯಾವ ವ್ಯಾಪಾರ ಎಂದು ಕೇಳಿದರೆ ಬಾಳೆಹಣ್ಣಿನ ಗಾಡಿ, ಬಳೆ ಬುಟ್ಟಿ, ಪಂಕ್ಚರ್ ಅಂಗಡಿ, ಟೈಲರಿಂಗ್, ಸಂತೆಯಲ್ಲಿ ಬಟ್ಟೆ, ಬಸ್ ಸ್ಟ್ಯಾಂಡಿನಲ್ಲಿ ಚಹಾ. ಈ ಮಕ್ಕಳ ಫೀಸು ಹುಟ್ಟುವುದು ಅಲ್ಲಿಂದ. ಆ ಗಾಡಿ ಒಂದು ತಿಂಗಳು ನಿಂತರೆ ಮಗುವಿನ ಓದು ಒಂದು ವರ್ಷ ನಿಲ್ಲುತ್ತದೆ. ಇದನ್ನು ನಾವು ಪುಸ್ತಕದಲ್ಲಿ ಓದಿದ್ದಲ್ಲ, 2020 ಮತ್ತು 2021ರಲ್ಲಿ ಕಣ್ಣಾರೆ ಕಂಡದ್ದು.

ನಾವು ಎಂದರೆ ಯಾರು ಎಂದು ಹೇಳಿಬಿಡುತ್ತೇವೆ. ಭಾನುವಾರ ಟ್ರಸ್ಟಿನ ಕಚೇರಿಯ ಹೊರಗಿನ ಮೇಜಿನಲ್ಲಿ ಕುಳಿತು ಬಂದವರಿಗೆ ಅರ್ಜಿ ತುಂಬಿ ಕೊಡುವ ಕೆಲವು ನಿವೃತ್ತ ಶಿಕ್ಷಕರು. ಕೊರೊನಾ ಕಾಲದಲ್ಲಿ ನಾವಿನ್ನೂ ಸೇವೆಯಲ್ಲಿದ್ದೆವು, ನಿವೃತ್ತಿಗೆ ಹತ್ತಿರವಾಗಿದ್ದೆವು. ಈ ಮಾತಿನಲ್ಲಿ ಒಂದು ತಪ್ಪೂ ಬರುತ್ತದೆ. ಅದೂ ನಮ್ಮದೇ.

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಬೀಗ ಬಿತ್ತು. ಮರುದಿನ ಯುಗಾದಿ. ಹೂವಿನವರು ಹಬ್ಬಕ್ಕೆಂದು ತಂದ ಹೂವು ಬುಟ್ಟಿಯಲ್ಲೇ ಬಾಡಿತು. ಏಪ್ರಿಲ್ ಕೊನೆಯಲ್ಲಿ ರಂಜಾನ್ ಆರಂಭವಾಯಿತು. ಖರ್ಜೂರ, ಹಣ್ಣು, ಸಮೋಸ, ಟೋಪಿ, ಬಟ್ಟೆ, ಬಳೆ ಮಾರುವವರಿಗೆ ವರ್ಷದ ಸಾಲ ತೀರಿಸುವ ತಿಂಗಳು ಅದು. ಆ ತಿಂಗಳು ಪೂರ್ತಿ ಬೀದಿ ಖಾಲಿ. ಮುಂದಿನ ವರ್ಷವಾದರೂ ಸರಿಹೋಗುತ್ತದೆ ಎಂದರು. 2021ರಲ್ಲಿ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ ಬಂತು. ಆಗಲೂ ರಂಜಾನ್ ಅರ್ಧಕ್ಕೆ ಬಂದಿತ್ತು. ಒಂದರ ಹಿಂದೆ ಒಂದು, ಎರಡು ವರ್ಷ ಹಬ್ಬದ ವ್ಯಾಪಾರ ಹೋಯಿತು. ಹಬ್ಬ ಯಾರದ್ದಾದರೂ ಆಗಲಿ, ಯುಗಾದಿಯ ಹೂವಿನವರೂ ಈದಿನ ಬಳೆಯವರೂ ಒಂದೇ ಬೀದಿಯವರು.

ಆಗ ನಮ್ಮ ಶಾಲೆಯ ಮೈದಾನಕ್ಕೆ ತರಕಾರಿ ಸಂತೆ ಬಂತು. ಜನ ಗುಂಪುಗೂಡಬಾರದೆಂದು ಮಾರುಕಟ್ಟೆಯನ್ನು ಮೈದಾನಕ್ಕೆ ಸಾಗಿಸುವುದು ಆಗ ಅನೇಕ ಊರುಗಳಲ್ಲಿ ನಡೆಯಿತು. ನಾವು ಕ್ರೀಡಾದಿನಕ್ಕೆ ಟ್ರ್ಯಾಕ್ ಹಾಕುತ್ತಿದ್ದ ಸುಣ್ಣದ ಪುಡಿಯಲ್ಲಿ ಪುರಸಭೆಯವರು ಚೌಕ ಹಾಕಿದರು. ಒಂದು ಚೌಕಕ್ಕೆ ಒಬ್ಬ ವ್ಯಾಪಾರಿ. ಚೌಕ ಯಾರಿಗೆ ಎಂಬ ಪ್ರಶ್ನೆ ಬಂದಾಗ ಒಂದು ಪಟ್ಟಿ ಹೊರಗೆ ಬಂತು. ಹೆಸರಿದ್ದವರು ಒಳಗೆ ಬಂದರು. ಹೆಸರಿಲ್ಲದವರು ಗೇಟಿನಾಚೆ ನಿಂತರು. ಇಪ್ಪತ್ತು ವರ್ಷ ಅದೇ ಊರಲ್ಲಿ ಸೊಪ್ಪು ಮಾರಿದವರು ಕೂಡ ಆಚೆ ನಿಂತಿದ್ದರು. ಗೇಟಿನ ಡ್ಯೂಟಿಯಲ್ಲಿದ್ದ ನಾವು ಅದನ್ನು ನೋಡಿದೆವು, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಅದು ಆ ದಿನದ ಗೊಂದಲ ಎಂದುಕೊಂಡೆವು. ಆದರೆ ಮುಂದಿನ ಎರಡು ವರ್ಷ ಸಣ್ಣ ವ್ಯಾಪಾರಿಗಳಿಗೆ ಬಂದ ಪ್ರತಿಯೊಂದು ಸಹಾಯವೂ ಇಂಥದೇ ಒಂದು ಗೇಟಿನ ಮೂಲಕವೇ ಬಂತು.

ಸಹಾಯ ಬರಲೇ ಇಲ್ಲ ಎಂದು ಹೇಳುವುದು ಸುಳ್ಳಾಗುತ್ತದೆ. ಬಂದದ್ದನ್ನು ಒಂದೊಂದಾಗಿ ನೋಡೋಣ.

2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಸಲಕ್ಕೆ ತಲಾ 5,000 ರೂಪಾಯಿ ಎಂದಿತು. ಅರ್ಜಿ ಸೇವಾ ಸಿಂಧು ಪೋರ್ಟಲ್‌ನಲ್ಲಿ. ಚಾಲಕನಿಗೆ ಲೈಸೆನ್ಸ್ ಬೇಕು, ಕ್ಷೌರಿಕನಿಗೆ ತಾನು ಆ ವೃತ್ತಿ ಮಾಡುತ್ತೇನೆ ಎಂಬ ದೃಢೀಕರಣ ಬೇಕು, ಎಲ್ಲರಿಗೂ ಆಧಾರ್ ಮತ್ತು ಬ್ಯಾಂಕ್ ಖಾತೆ ಬೇಕು. ಅದೇ ತಿಂಗಳು ಕೇಂದ್ರ ಸರ್ಕಾರ ಸಣ್ಣ ಉದ್ದಿಮೆಗಳಿಗೆ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲದ ಯೋಜನೆ ತಂದಿತು. ಫೆಬ್ರುವರಿ ಕೊನೆಗೆ ಇದ್ದ ಹಳೆಯ ಸಾಲದ ಶೇಕಡ 20ರಷ್ಟು ಹೊಸ ಸಾಲ, ಅಡಮಾನ ಇಲ್ಲದೆ. ಒಳ್ಳೆಯದೇ. ಆದರೆ ಮೊದಲೇ ಬ್ಯಾಂಕಿನಲ್ಲಿ ಸಾಲ ಇದ್ದವರಿಗೆ ಮಾತ್ರ ಅದು ಸಿಗುವಂಥದ್ದು. ಬ್ಯಾಂಕಿನ ಮೆಟ್ಟಿಲು ಹತ್ತದ ಗಾಡಿಯವನಿಗೆ ಅದು ಪೇಪರಿನ ಸುದ್ದಿ ಅಷ್ಟೆ.

ಬೀದಿ ಬದಿ ವ್ಯಾಪಾರಿಗಳಿಗಾಗಿಯೇ ಬಂದದ್ದು 2020ರ ಜೂನ್ 1ರಂದು ಆರಂಭವಾದ ಪಿಎಂ ಸ್ವನಿಧಿ. ಮೊದಲ ಸಲ 10,000 ರೂಪಾಯಿ ಸಾಲ, ಒಂದು ವರ್ಷದ ಕಂತು. ಅಡಮಾನ ಇಲ್ಲ. ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ಶೇಕಡ 7ರಷ್ಟನ್ನು ಸರ್ಕಾರವೇ ಭರಿಸಿ ಖಾತೆಗೆ ಹಾಕುತ್ತದೆ. ಹಣ ಕೊಡುವುದು ಬ್ಯಾಂಕು. ಆದರೆ ಈ ಮನುಷ್ಯ ನಿಜವಾಗಿ ಬೀದಿ ವ್ಯಾಪಾರಿ ಎಂದು ಹೇಳಬೇಕಾದದ್ದು ಪುರಸಭೆ, ನಗರಸಭೆ, ಪಾಲಿಕೆ. ದೆಹಲಿಯ ಯೋಜನೆಯ ಕೀಲಿ ನಮ್ಮ ಊರಿನ ಪುರಸಭೆಯ ಕೈಯಲ್ಲಿತ್ತು.

2021ರ ಮೇ 19ರಂದು, ಎರಡನೆಯ ಅಲೆ ಜೋರಾಗಿದ್ದಾಗ, ರಾಜ್ಯ ಸರ್ಕಾರ 1,250 ಕೋಟಿ ರೂಪಾಯಿಯ ಮತ್ತೊಂದು ಪ್ಯಾಕೇಜ್ ಘೋಷಿಸಿತು. ಆಟೋ, ಟ್ಯಾಕ್ಸಿ ಚಾಲಕರಿಗೆ 3,000. ಟೈಲರ್, ಮೆಕ್ಯಾನಿಕ್, ಕ್ಷೌರಿಕ, ಅಗಸ, ಚಿಂದಿ ಆಯುವವರು, ಹಮಾಲರು ಮೊದಲಾದವರಿಗೆ 2,000. ಬೀದಿ ಬದಿ ವ್ಯಾಪಾರಿಗಳಿಗೆ ತಲಾ 2,000, ಸುಮಾರು 2.20 ಲಕ್ಷ ಜನರಿಗೆ. ಆದರೆ ಯಾವ ವ್ಯಾಪಾರಿಗಳಿಗೆ? ಆತ್ಮನಿರ್ಭರ ನಿಧಿಯಲ್ಲಿ, ಅಂದರೆ ಸ್ವನಿಧಿಯಲ್ಲಿ ನೋಂದಾಯಿಸಿಕೊಂಡವರಿಗೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹಿಂದಿನ ವರ್ಷ ಸಾಲಕ್ಕಾಗಿ ಮಾಡಿದ ಪಟ್ಟಿಯೇ ಈ ವರ್ಷ ಪರಿಹಾರದ ಪಟ್ಟಿಯಾಯಿತು. ‘ನನಗೆ ಸಾಲ ಬೇಡ’ ಎಂದು ದೂರ ಉಳಿದವರು, ವಾಪಸ್ ಕೊಡಬೇಕಿಲ್ಲದ ಎರಡು ಸಾವಿರವನ್ನೂ ಕಳೆದುಕೊಂಡರು. ಆ ಪಟ್ಟಿಗೆ ಇನ್ನೊಂದು ಉಪಯೋಗ ಬರುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ಜಾಗದಲ್ಲಿ ಇದ್ದವರಲ್ಲಿ ನಾವೂ ಇದ್ದೆವು.

ಈಗ ನಮ್ಮ ತಪ್ಪಿನ ವಿಷಯಕ್ಕೆ ಬರುತ್ತೇವೆ.

2020ರ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹಣ್ಣಿನ ಗಾಡಿಯವರು ಶಾಲೆಗೆ ಬಂದರು. ಮಗಳು ನಮ್ಮಲ್ಲೇ ಹತ್ತನೇ ತರಗತಿ. ಅವಳೂ ಜೊತೆಗಿದ್ದಳು. ‘ಮೇಷ್ಟ್ರೇ, ಗಾಡಿಯವರಿಗೆ ಹತ್ತು ಸಾವಿರ ಕೊಡ್ತಾರಂತೆ. ಪುರಸಭೆಯವರು ಲಿಸ್ಟ್ ಮಾಡಿದ ದಿನ ನಾವು ಉರುಸಿಗೆ ಗಾಡಿ ತಗೊಂಡು ಬೇರೆ ಊರಿಗೆ ಹೋಗಿದ್ವಿ. ಕಾರ್ಡ್ ಇಲ್ಲ. ಏನಾದ್ರೂ ಮಾಡೋಕಾಗುತ್ತಾ?’ ಎಂದರು. ಊರಿನ ಓದಿದವರು, ನಮಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆ ಅವರದು. ನಮಗೂ ಹಾಗೇ ಅನ್ನಿಸುತ್ತಿತ್ತು. ‘ಕಾರ್ಡ್ ಇಲ್ಲದೆ ಆಗಲ್ಲ ಭಾಯಿ, ಸುಮ್ಮನೆ ಓಡಾಡಬೇಡಿ’ ಎಂದು ಹೇಳಿ ಕಳಿಸಿದೆವು.

ಅದು ತಪ್ಪು ಮಾಹಿತಿ. ಸಮೀಕ್ಷೆಯಲ್ಲಿ ಬಿಟ್ಟುಹೋದವರಿಗೆಂದೇ ಆ ಯೋಜನೆಯಲ್ಲಿ ‘ಶಿಫಾರಸು ಪತ್ರ’ ಎಂಬ ದಾರಿ ಇತ್ತು. ಬೇರೆ ದಾಖಲೆ ಏನೂ ಇಲ್ಲದಿದ್ದರೂ ಒಂದು ಬಿಳಿ ಹಾಳೆಯ ಮೇಲೆ ‘ನಾನು ಇಂಥ ಜಾಗದಲ್ಲಿ ಇಂಥ ವ್ಯಾಪಾರ ಮಾಡುತ್ತೇನೆ, ಸ್ಥಳ ವಿಚಾರಣೆ ಮಾಡಿ ಪತ್ರ ಕೊಡಿ’ ಎಂದು ಬರೆದು ಪುರಸಭೆಗೆ ಕೊಟ್ಟರೆ ಸಾಕಿತ್ತು. ಹದಿನೈದು ದಿನದೊಳಗೆ ಅವರು ತೀರ್ಮಾನಿಸಬೇಕು ಎಂದು ಮಾರ್ಗಸೂಚಿಯಲ್ಲೇ ಇತ್ತು. ಮೂವತ್ತು ವರ್ಷ ರಜೆ ಅರ್ಜಿ ಬರೆಯುವುದನ್ನು ಮಕ್ಕಳಿಗೆ ಕಲಿಸಿದ ನಮಗೆ, ಆ ಒಂದು ಅರ್ಜಿ ಬರೆದು ಕೊಡಲು ಹತ್ತು ನಿಮಿಷ ಸಾಕಿತ್ತು.

ಮುಂದೆ ಆದದ್ದು ಇಷ್ಟು. ಸರಕು ತರಲು ಅವರು ಮೀಟರ್ ಬಡ್ಡಿಗೆ ಕೈ ಹಾಕಿದರು. ಬೆಳಿಗ್ಗೆ ಒಂಬೈನೂರು ಕೈಗೆ, ಸಂಜೆ ಸಾವಿರ ವಾಪಸ್. ಎರಡನೆಯ ಅಲೆಯಲ್ಲಿ ಅವರಿಗೇ ಕಾಯಿಲೆ ಬಂತು. ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಗಾಡಿ ತಳ್ಳುವ ಉಸಿರು ಉಳಿಯಲಿಲ್ಲ. ಪಕ್ಕದ ಗಾಡಿಯವರಿಗೆ ಎರಡು ಸಾವಿರ ಬಂದ ವಾರ ಇವರ ಮನೆಯಲ್ಲಿ ಮಗಳ ಕಿವಿಯೋಲೆ ಅಡವಿಗೆ ಹೋಯಿತು. ಲಾಕ್‌ಡೌನ್ ತೆರವಾದ ಮೇಲೆ ತಾಯಿ ಗಾಡಿ ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಹಳೆಯ ಜಾಗಕ್ಕೆ ಹೋದರು. ಅಲ್ಲಿ ಬೇರೊಬ್ಬರ ಗಾಡಿ ನಿಂತಿತ್ತು. ‘ಇದು ನಮ್ಮ ಜಾಗ’ ಎನ್ನಲು ಬಾಯಿಮಾತು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಜನ ಕಡಿಮೆ ಓಡಾಡುವ ಒಳಗಿನ ರಸ್ತೆಯಲ್ಲಿ ನಿಂತರು. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈನಲ್ಲಿ ಎರಡೇ ದಿನ ನಡೆಯಿತು. ಮಗಳು ಪಾಸಾದಳು. ಕಾಲೇಜಿಗೆ ಸೇರಲಿಲ್ಲ. ಒಂದು ವರ್ಷ ಮನೆಯಲ್ಲಿ ಕುಳಿತು ರವಿಕೆಗೆ ಹುಕ್ ಹಾಕಿದಳು.

ಆ ಎರಡು ಸಾವಿರ ಬಂದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂದು ನಾವು ಹೇಳುವುದಿಲ್ಲ. ಆದರೆ ಆ ಹತ್ತು ಸಾವಿರದ ಲೆಕ್ಕವನ್ನು ಬೋರ್ಡಿನ ಮೇಲೆ ಹಾಕಿ ನೋಡೋಣ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇಕಡ 12 ಎಂದಿಟ್ಟುಕೊಂಡರೆ, ಹನ್ನೆರಡು ಕಂತಿನಲ್ಲಿ ತೀರಿಸುವ 10,000ಕ್ಕೆ ಒಟ್ಟು ಬಡ್ಡಿ ಸುಮಾರು 660 ರೂಪಾಯಿ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಸಹಾಯಧನವಾಗಿ ವಾಪಸ್. ಮೀಟರ್ ಬಡ್ಡಿ ದಿನಕ್ಕೆ 100 ರೂಪಾಯಿ, ಏಳು ದಿನಕ್ಕೆ 700. ಅಂದರೆ ಒಂಬೈನೂರು ರೂಪಾಯಿಗೆ ಒಂದು ವಾರದ ಮೀಟರ್ ಬಡ್ಡಿ, ಹತ್ತು ಸಾವಿರ ರೂಪಾಯಿಗೆ ಒಂದು ವರ್ಷದ ಬ್ಯಾಂಕ್ ಬಡ್ಡಿಗಿಂತ ಜಾಸ್ತಿ. ನಮ್ಮ ಒಂದು ‘ಆಗಲ್ಲ’ಕ್ಕೆ ಆ ಮನೆ ತೆತ್ತ ಬೆಲೆ ಇದು.

ಬಡ್ಡಿಯ ಮಾತು ಬಂದದ್ದರಿಂದ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಬಡ್ಡಿಯ ವ್ಯವಹಾರ ಬೇಡ ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಅದು ಅವರವರ ಈಮಾನಿನ ವಿಷಯ, ಅದರಲ್ಲಿ ನಾವು ತಲೆ ಹಾಕುವುದಿಲ್ಲ. ಅಂಥವರ ಗಮನಕ್ಕೆ ಒಂದು ಮಾತು: 2018ರ ನವೆಂಬರ್‌ನಲ್ಲಿ ನಮ್ಮ ರಾಜ್ಯದಲ್ಲೇ ‘ಬಡವರ ಬಂಧು’ ಎಂಬ ಯೋಜನೆ ಆರಂಭವಾಯಿತು. ಸಹಕಾರಿ ಬ್ಯಾಂಕುಗಳ ಮೂಲಕ ಬೀದಿ ವ್ಯಾಪಾರಿಗಳಿಗೆ 2,000ದಿಂದ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ. ಅದಕ್ಕೂ ತಾನು ಬೀದಿ ವ್ಯಾಪಾರಿ ಎಂದು ತೋರಿಸಬೇಕಿತ್ತು. ಆದ್ದರಿಂದ ನೋಂದಣಿ ಬೇರೆ, ಸಾಲ ಬೇರೆ. ಸಾಲ ಬೇಡವಾದರೆ ತೆಗೆದುಕೊಳ್ಳಬೇಡಿ. ಹೆಸರು ಬರೆಸುವುದನ್ನು ಬಿಡಬೇಡಿ.

ಹೆಸರು ಬರೆಸುವುದು ಯಾರ ದಯೆಯೂ ಅಲ್ಲ, ಅದಕ್ಕೆ ಕಾಯ್ದೆ ಇದೆ. ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಯ ಕಾಯ್ದೆ 2014ರಲ್ಲಿ ಬಂತು. ಅದರ ಪ್ರಕಾರ ಕನಿಷ್ಠ ಐದು ವರ್ಷಕ್ಕೊಮ್ಮೆ ಪ್ರತಿ ಪಟ್ಟಣದಲ್ಲಿ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು. ಪಟ್ಟಣ ವ್ಯಾಪಾರ ಸಮಿತಿ ಎಂದು ಒಂದು ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರೂ ತಮ್ಮೊಳಗಿನಿಂದ ಚುನಾಯಿತರಾದವರು. ಆ ವ್ಯಾಪಾರಿ ಸದಸ್ಯರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರು. ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ, ಅಂಗವಿಕಲರಿಗೆ ಸೂಕ್ತ ಪ್ರಾತಿನಿಧ್ಯ. ಇನ್ನೊಂದು ಕಲಮು ಇದೆ. ಪ್ರಮಾಣಪತ್ರ ಇದ್ದ ವ್ಯಾಪಾರಿ ತೀರಿಕೊಂಡರೆ, ಶಾಶ್ವತವಾಗಿ ಅಂಗವಿಕಲನಾದರೆ, ಅಥವಾ ಕಾಯಿಲೆ ಬಿದ್ದರೆ, ಅದರ ಅವಧಿ ಮುಗಿಯುವವರೆಗೆ ಹೆಂಡತಿಯೋ ಗಂಡನೋ ಅವಲಂಬಿತ ಮಗುವೋ ಅದೇ ಜಾಗದಲ್ಲಿ ವ್ಯಾಪಾರ ಮಾಡಬಹುದು. ನಾವು ಹೇಳಿದ ಆ ತಾಯಿಗೆ ಬೇಕಾಗಿದ್ದದ್ದು ಸರಿಯಾಗಿ ಇದೇ ಕಲಮು. ಆದರೆ ಗಂಡನ ಹೆಸರಿನಲ್ಲಿ ಪ್ರಮಾಣಪತ್ರವೇ ಇಲ್ಲದಿದ್ದಾಗ ಕಲಮು ಇದ್ದೂ ಏನು ಮಾಡೀತು?

ಹಾಗೆಂದು ಪುರಸಭೆಯವರನ್ನು ಬಯ್ಯುವುದಕ್ಕೆ ನಾವಿಲ್ಲಿ ನಿಂತಿಲ್ಲ. ಆ ದಿನಗಳಲ್ಲಿ ಪೌರಕಾರ್ಮಿಕರು ಕೈಗವಸು ಇದ್ದರೂ ಇಲ್ಲದಿದ್ದರೂ ಬೀದಿ ಗುಡಿಸಿದರು. ಇರುವ ನಾಲ್ಕು ಜನ ಸಿಬ್ಬಂದಿ ಸೀಲ್‌ಡೌನ್ ಮಾಡಿದ ಮನೆಗೆ ಹಾಲು ತಲುಪಿಸಬೇಕು, ಔಷಧ ಸಿಂಪಡಿಸಬೇಕು, ವ್ಯಾಪಾರಿಗಳ ಅರ್ಜಿಯನ್ನೂ ಅಪ್‌ಲೋಡ್ ಮಾಡಬೇಕು. ನಾವೂ ಮನೆ ಮನೆ ಸಮೀಕ್ಷೆಗೆ ಹೋದವರು, ಆ ಕಷ್ಟ ಗೊತ್ತು. ನಾವು ಹೇಳುವುದು ಬೇರೆ. ಕಷ್ಟ ಬಂದ ದಿನ ಪಟ್ಟಿ ಮಾಡಲು ಕುಳಿತರೆ ಯಾವ ಕಚೇರಿಗೂ ಸರಿಯಾಗಿ ಮಾಡಲು ಆಗುವುದಿಲ್ಲ. ಸಣ್ಣ ವ್ಯಾಪಾರಿಗೆ ಸ್ಥಳೀಯ ಸಂಸ್ಥೆ ಕೊಡಬಹುದಾದ ದೊಡ್ಡ ಸಹಾಯ ಹಣವಲ್ಲ, ಅದರ ಹತ್ತಿರ ಅಷ್ಟು ಹಣವೂ ಇರುವುದಿಲ್ಲ. ‘ಇವನು ನಮ್ಮ ಊರಿನ ವ್ಯಾಪಾರಿ’ ಎಂದು ಒಳ್ಳೆಯ ದಿನಗಳಲ್ಲೇ ಬರೆದಿಟ್ಟುಕೊಳ್ಳುವುದು ಅದರ ದೊಡ್ಡ ಸಹಾಯ. ಆಮೇಲೆ ಬೆಂಗಳೂರಿನಿಂದಲೋ ದೆಹಲಿಯಿಂದಲೋ ಬರುವ ಹಣ ಆ ಬರಹವನ್ನು ಹಿಡಿದುಕೊಂಡೇ ಮನೆಗೆ ಬರುತ್ತದೆ. ಆ ಬರಹವನ್ನು ಕೇಳಿ ಮಾಡಿಸಿಕೊಳ್ಳುವುದು ನಮ್ಮ ಕೆಲಸ.

ಮಕ್ಕಳ ತಂದೆ ತಾಯಂದಿರೇ, ಈಗ ನಿಮಗೆ ಕೆಲವು ಮಾತು. ಇದನ್ನು ಮನೆಪಾಠ ಎಂದುಕೊಳ್ಳಿ.

ಮೊದಲನೆಯದು, ಬೀದಿಯಲ್ಲಿ, ಸಂತೆಯಲ್ಲಿ, ತಲೆಯ ಮೇಲೆ ಹೊತ್ತು ಮಾರುವವರು ನಿಮ್ಮ ಪುರಸಭೆಯಲ್ಲಿ ಹೆಸರಿದೆಯೇ ಎಂದು ಹೋಗಿ ಕೇಳಿ. ಇದ್ದರೆ ಗುರುತಿನ ಚೀಟಿ, ಪ್ರಮಾಣಪತ್ರ ಕೇಳಿ ಪಡೆಯಿರಿ. ಇಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ಅರ್ಜಿ ಬರೆದು ಕೊಡಿ. ಕೊಡುವಾಗ ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಇಲ್ಲದ ಅರ್ಜಿ ಕೊಟ್ಟ ಹಾಗಲ್ಲ.

ಎರಡನೆಯದು, ಸಂತೆಯ ಸುಂಕದ ಚೀಟಿಯನ್ನು ಬಿಸಾಡಬೇಡಿ. ಅದು ನಿಮಗೆ ಹತ್ತಿಪ್ಪತ್ತು ರೂಪಾಯಿಯ ಕಾಗದ. ಆದರೆ ಇಂಥ ದಿನ ನೀವು ಅಲ್ಲಿ ಕುಳಿತಿದ್ದಿರಿ ಎಂದು ತೋರಿಸಲು ಅದೊಂದು ಆಧಾರ. ಒಂದು ದಾರಕ್ಕೆ ಪೋಣಿಸಿ ಗೋಡೆಗೆ ನೇತುಹಾಕಿ.

ಮೂರನೆಯದು, ಆಧಾರ್‌ಗೆ ಈಗ ಬಳಸುತ್ತಿರುವ ಮೊಬೈಲ್ ನಂಬರ್ ಜೋಡಿಸಿರಲಿ. ಸ್ವನಿಧಿಯ ಅರ್ಜಿಗೆ ಅದು ಬೇಕೇ ಬೇಕು. ಸಿಮ್ ಬದಲಾಯಿಸಿ ನಂಬರ್ ಜೋಡಿಸದೆ ಒಟಿಪಿ ಬರದೆ ವಾಪಸ್ ಹೋದವರನ್ನು ನಮ್ಮ ಮೇಜಿನಲ್ಲಿ ಬಹಳ ನೋಡಿದ್ದೇವೆ.

ನಾಲ್ಕನೆಯದು, ಟೈಲರ್, ಮೆಕ್ಯಾನಿಕ್, ಹಮಾಲಿ, ಮನೆಗೆಲಸದವರು ಇ-ಶ್ರಮ್‌ನಲ್ಲಿ ಹೆಸರು ಬರೆಸಿ. 2021ರ ಆಗಸ್ಟ್‌ನಲ್ಲಿ ಆರಂಭವಾದ ನೋಂದಣಿ ಅದು, 16ರಿಂದ 59 ವರ್ಷದವರಿಗೆ. ಅಂಗಡಿ ಇಟ್ಟವರು ಪುರಸಭೆಯ ಉದ್ದಿಮೆ ಪರವಾನಗಿಯನ್ನು ಕಾಲಕಾಲಕ್ಕೆ ನವೀಕರಿಸಿ, ಉದ್ಯಮ್ ನೋಂದಣಿ ಮಾಡಿಸಿ. ಇ-ಶ್ರಮ್ ಮತ್ತು ಉದ್ಯಮ್ ಪೋರ್ಟಲ್‌ಗಳಲ್ಲಿ ನೋಂದಣಿಗೆ ಸರ್ಕಾರದ ಶುಲ್ಕ ಇಲ್ಲ.

ಐದನೆಯದು, ಸ್ವನಿಧಿ ಮುಗಿದುಹೋದ ಯೋಜನೆಯಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಅದರ ಸಾಲದ ಅವಧಿಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿತು. ಈಗ ಮೊದಲ ಕಂತು 15,000, ಎರಡನೆಯದು 25,000, ಮೂರನೆಯದು 50,000 ರೂಪಾಯಿವರೆಗೆ. ‘ಅದೆಲ್ಲ ಕೊರೊನಾ ಕಾಲದ್ದು’ ಎಂದು ಯಾರಾದರೂ ಹೇಳಿದರೆ, ಒಂದು ಕಾಲದಲ್ಲಿ ನಾವು ಹೇಳಿದ ಹಾಗೆಯೇ ಅವರೂ ಗೊತ್ತಿಲ್ಲದೆ ಹೇಳುತ್ತಿದ್ದಾರೆ ಎಂದು ತಿಳಿಯಿರಿ.

ದಾನಿಗಳೇ, ನಿಮಗೂ ಒಂದು ಮಾತು. ಆ ಎರಡು ವರ್ಷ ನೀವು ಕೊಟ್ಟ ಹಣದಿಂದ ಟ್ರಸ್ಟ್ ಮನೆ ಮನೆಗೆ ರೇಷನ್ ಕಿಟ್ ಹಂಚಿತು. ಯಾವ ಜಾತಿ, ಯಾವ ಕೇರಿ ಎಂದು ನೋಡದೆ ಕೊಟ್ಟಿರಿ. ಆ ಕಿಟ್ ಇಲ್ಲದಿದ್ದರೆ ಕೆಲವು ಮನೆಗಳಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಅದು ಬೇಕಾಗಿತ್ತು, ಮತ್ತೆ ಅಂಥ ದಿನ ಬಂದರೆ ಮತ್ತೆ ಬೇಕಾಗುತ್ತದೆ. ಆದರೆ ಒಂದು ಕಿಟ್ ಹದಿನೈದು ದಿನಕ್ಕೆ ಮುಗಿಯುತ್ತದೆ. ಪುರಸಭೆಯ ಪುಸ್ತಕದಲ್ಲಿ ಬರೆದ ಹೆಸರು ಹಾಗೆ ಮುಗಿಯುವುದಿಲ್ಲ. ಅದಕ್ಕೆ ತಗಲುವ ಖರ್ಚೂ ಕಡಿಮೆ: ಫೋಟೊ, ಜೆರಾಕ್ಸ್, ಆಧಾರ್ ತಿದ್ದುಪಡಿಯ ಶುಲ್ಕ, ವ್ಯಾಪಾರ ಬಿಟ್ಟು ಬಂದ ಅರ್ಧ ದಿನಕ್ಕೆ ಆಟೋ ಬಾಡಿಗೆ. ಇಷ್ಟು ಖರ್ಚು ಕೈಯಲ್ಲಿಲ್ಲದೆ ನಿಂತುಹೋದ ಅರ್ಜಿಗಳು ಬಹಳ. ಹಾಗಾಗಿ ನಮ್ಮ ವಿನಂತಿ ಇಷ್ಟೆ. ನೀವು ಕೊಡುವ ದಾನದಲ್ಲಿ ಒಂದು ಸಣ್ಣ ಪಾಲನ್ನು ಅರ್ಜಿ ಮೇಜಿಗೆ ಎಂದು ಬರೆದು ಕೊಡಿ. ಫೋಟೊದಲ್ಲಿ ಹಾಕುವಂಥ ಕೆಲಸ ಇದಲ್ಲ. ಕಿಟ್ ಕೊಡುವಾಗ ತೆಗೆದ ಫೋಟೊ ಚೆನ್ನಾಗಿರುತ್ತದೆ, ಜೆರಾಕ್ಸ್ ತೆಗೆಯುವ ಫೋಟೊವನ್ನು ಯಾರು ನೋಡುತ್ತಾರೆ? ಆದರೆ ಮುಂದಿನ ಸಲ ಬೀದಿಗೆ ಬೀಗ ಬಿದ್ದಾಗ ಸರ್ಕಾರದ ಹಣ ಆ ಜೆರಾಕ್ಸಿನ ದಾರಿಯಲ್ಲೇ ಬರುತ್ತದೆ.

ಮಕ್ಕಳೇ, ಇನ್ನು ನಿಮಗೆ. ಆ ಹುಡುಗಿಯ ಕಥೆ ಅರ್ಧಕ್ಕೆ ಬಿಟ್ಟೆವು.

ಒಂದು ವರ್ಷ ಹುಕ್ ಹಾಕಿದ ಮೇಲೆ 2022ರಲ್ಲಿ ಅವಳು ಪಿಯುಸಿಗೆ ಸೇರಿದಳು. ಯಾವುದೋ ಪ್ರಮಾಣಪತ್ರಕ್ಕೆಂದು ಪುರಸಭೆಗೆ ಹೋದಾಗ ಗೋಡೆಯ ಮೇಲೆ ಅಂಟಿಸಿದ್ದ ಕಾಗದವನ್ನು ನಿಂತು ಓದಿದಳು. ಸಮೀಕ್ಷೆಯಲ್ಲಿ ಬಿಟ್ಟುಹೋದವರು ಶಿಫಾರಸು ಪತ್ರಕ್ಕೆ ಅರ್ಜಿ ಕೊಡಬಹುದು ಎಂದು ಅದರಲ್ಲಿತ್ತು. ನೋಟ್‌ಬುಕ್ಕಿನಿಂದ ಹಾಳೆ ಹರಿದು ಅಲ್ಲೇ ಬರೆದಳು. ತಾಯಿಯ ಹೆಸರು, ನಿಲ್ಲುವ ಜಾಗ, ಮಾರುವ ವಸ್ತು, ಎಷ್ಟು ವರ್ಷದಿಂದ. ಮನೆಗೆ ಹೋಗಿ ತಾಯಿಯ ಸಹಿ ಹಾಕಿಸಿ ತಂದು ಕೊಟ್ಟಳು. ಒಬ್ಬ ಸಿಬ್ಬಂದಿ ಬಂದು ಗಾಡಿ ನೋಡಿ, ಅಕ್ಕಪಕ್ಕದವರನ್ನು ಕೇಳಿ ಹೋದರು. ಪತ್ರ ಬಂತು. ಆಮೇಲೆ ಹತ್ತು ಸಾವಿರ ಬಂತು. ತಾಯಿ ಅದನ್ನು ತೀರಿಸಿ ಎರಡನೆಯದನ್ನು ಪಡೆದರು. ಮೀಟರ್ ಬಡ್ಡಿಯವರ ಮನೆಗೆ ಹೋಗುವುದು ನಿಂತಿತು. ಬಸ್ ಸ್ಟ್ಯಾಂಡಿನ ಹಳೆಯ ಜಾಗ ಮಾತ್ರ ಮತ್ತೆ ಸಿಗಲಿಲ್ಲ.

ಪತ್ರ ಬಂದ ದಿನ ಅವಳು ಅದನ್ನು ತೋರಿಸಲು ನಮ್ಮ ಹತ್ತಿರ ಬಂದಳು. ಖುಷಿಯಲ್ಲೇ ಬಂದಳು, ಜಗಳಕ್ಕಲ್ಲ. ತೋರಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಸರ್, ಅವತ್ತು ಅಬ್ಬಾ ಬಂದಾಗ ನೀವು ಆಗಲ್ಲ ಅಂದ್ರಲ್ಲ. ಆಗ ಇದು ಇರ್ಲಿಲ್ವಾ?’

ಇತ್ತು. ನಮಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆವು. ಗೊತ್ತಿಲ್ಲದ್ದು ದೊಡ್ಡ ತಪ್ಪಲ್ಲ ಮಕ್ಕಳೇ, ಯಾರಿಗೂ ಎಲ್ಲವೂ ಗೊತ್ತಿರುವುದಿಲ್ಲ. ‘ಗೊತ್ತಿಲ್ಲ, ಕೇಳಿ ಹೇಳುತ್ತೇವೆ’ ಎನ್ನುವ ಬದಲು ‘ಆಗಲ್ಲ’ ಎಂದದ್ದು ನಮ್ಮ ತಪ್ಪು. ನಿಮ್ಮ ಅಪ್ಪ ಅಮ್ಮ ಓದಿದವರ ಬಾಯಿಂದ ಬಂದ ‘ಆಗಲ್ಲ’ವನ್ನು ನಂಬಿ ಸುಮ್ಮನೆ ಹಿಂದೆ ಹೋಗುತ್ತಾರೆ. ಎರಡನೆಯ ಸಲ ಕೇಳುವುದಿಲ್ಲ. ನಾಳೆ ನೀವೂ ಬ್ಯಾಂಕಿನ ಕೌಂಟರಿನಲ್ಲೋ ಕಚೇರಿಯ ಮೇಜಿನಲ್ಲೋ ಕೂರುತ್ತೀರಿ, ಇನ್‌ಷಾ ಅಲ್ಲಾಹ್. ಅಂದು ಈ ಪದವನ್ನು ಜೋಪಾನವಾಗಿ ಬಳಸಿ.

ಆ ಮಾತಿನ ನಂತರವೇ ನಮ್ಮ ಮೇಜು ಶುರುವಾಯಿತು. ಮೊದಲ ಭಾನುವಾರ ನಮ್ಮ ಪಕ್ಕದಲ್ಲಿ ಕುಳಿತು ಅರ್ಜಿ ಬರೆದವಳು ಅವಳೇ. ಈಗ ಬಿ.ಕಾಂ. ಓದುತ್ತಿದ್ದಾಳೆ. ಪರೀಕ್ಷೆ ಇಲ್ಲದ ಭಾನುವಾರಗಳಲ್ಲಿ ಈಗಲೂ ಬರುತ್ತಾಳೆ. ಅವಳ ತಾಯಿ ಇಂದು ಈ ಸಭೆಯಲ್ಲಿಲ್ಲ. ಇವತ್ತು ಸಂತೆಯ ದಿನ.

ಕೊನೆಗೆ ಒಂದು ಪ್ರಕಟಣೆ ಹೇಳಿ ಮುಗಿಸುತ್ತೇವೆ. ಈ ವರ್ಷದ ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಒಂದು ಬಿಳಿ ಹಾಳೆಯನ್ನು ಪಿನ್ ಮಾಡಿ ಕೊಡಲಾಗುತ್ತಿದೆ. ಅದು ಗುಣಾಕಾರ ಭಾಗಾಕಾರಕ್ಕಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಬೀದಿ ವ್ಯಾಪಾರ ಮಾಡುತ್ತಿದ್ದು ಪುರಸಭೆಯಲ್ಲಿ ಹೆಸರಿಲ್ಲದಿದ್ದರೆ, ಆ ಹಾಳೆಯ ಮೇಲೆ ಮಕ್ಕಳೇ ಅರ್ಜಿ ಬರೆಯಿರಿ. ತಪ್ಪಿದ್ದರೆ ನಾವು ತಿದ್ದುತ್ತೇವೆ, ಅದು ನಮ್ಮ ಹಳೆಯ ಅಭ್ಯಾಸ. ಭಾನುವಾರ ಮೇಜಿಗೆ ತನ್ನಿ, ಜೊತೆಗೇ ಪುರಸಭೆಗೆ ಬರುತ್ತೇವೆ. ಈ ಹಾಳೆ ಖಾಲಿ ಇದ್ದರೂ ವಿದ್ಯಾರ್ಥಿವೇತನಕ್ಕೆ ಯಾವ ತೊಂದರೆಯೂ ಇಲ್ಲ, ಭಯ ಬೇಡ. ಮತ್ತು ‘ತಂದೆ ಅಥವಾ ತಾಯಿಯ ಉದ್ಯೋಗ’ ಎಂಬ ಕಾಲಂನಲ್ಲಿ ಬರೀ ‘ವ್ಯಾಪಾರ’ ಎಂದು ಬರೆಯಬೇಡಿ. ಏನು ಮಾರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಎಷ್ಟು ವರ್ಷದಿಂದ ಎಂದು ಪೂರ್ತಿ ಬರೆಯಿರಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆ ಗಾಡಿಯೇ ನಿಮ್ಮನ್ನು ಇಲ್ಲಿಯವರೆಗೆ ತಂದಿದೆ.